ಶಿಫ್ಟ್ ಮುಗಿದ ಮೇಲೆ, ಭಾಗ 4: ಅಪ್ಪನ ಹೆಬ್ಬೆರಳು

(ಐದು ಫೋಟೋ ಇದೆ, ಸ್ವೈಪ್ ಮಾಡಿ. ಮುಖ ಕಾಣಬಾರದು ಅನ್ನೋ ಕಂಡೀಷನ್ ಮೇಲೆ ಅಪ್ಪ ಕೈ ತೋರಿಸಿದ್ದಾರೆ.)

ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅಪ್ಪನ ಹೆಬ್ಬೆರಳನ್ನ ಮಷೀನು ತಗೊಳ್ಳಲೇ ಇಲ್ಲ. ಬಲಗೈ ಆಯ್ತು, ಎಡಗೈ ಆಯ್ತು. ಅಂಗಡಿಯವರು "ಒರೆಸ್ಕೊಂಡು ಇಡಿ ಅಣ್ಣ" ಅಂದ್ರು. ಪ್ಯಾಂಟಿಗೆ ಒರೆಸಿ ಇಟ್ರೂ ಇಲ್ಲ. ಕ್ಯೂನಲ್ಲಿದ್ದವರು ಗೊಣಗೋಕೆ ಶುರು ಮಾಡಿದ್ರು. ಕೊನೆಗೆ ಅಮ್ಮ ಬಂದು ಬೆರಳಿಟ್ಟ ಮೇಲೆ ಅಕ್ಕಿ ಸಿಕ್ತು. ಅದಾದರೂ ಪರವಾಗಿಲ್ಲ. ಕಂಪನಿ ಗೇಟಲ್ಲೂ ಹಾಜರಿಗೆ ಹೆಬ್ಬೆರಳೇ ಬೇಕು. ಆ ತಿಂಗಳು ಕೆಲಸ ಮಾಡಿದ ಎರಡು ದಿನ ಅಪ್ಪನ ಲೆಕ್ಕದಲ್ಲಿ ಆಬ್ಸೆಂಟ್.

ಅಪ್ಪ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್, ಹದಿನಾರು ವರ್ಷದಿಂದ. ಎರಡನೇ ಫೋಟೋದಲ್ಲಿ ಹಾಲಿನ ತರ ಕಾಣೋದು ಕೂಲೆಂಟ್. ಟೂಲ್ ಲೋಹ ಕೊರೆಯುವಾಗ ಬಿಸಿ ಏರದಂತೆ ಮೇಲೆ ಸುರಿತಾನೇ ಇರುತ್ತೆ. ಎಣ್ಣೆ ಅಂತ ಎಲ್ಲರೂ ಕರೀತಾರೆ, ಆದರೆ ಬಹುಪಾಲು ನೀರೇ. ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಭಾಗ ಮಾತ್ರ ಕೂಲೆಂಟ್ ಆಯಿಲ್.

ನೀರು ಎಣ್ಣೆ ಸೇರಲ್ಲ ಅಲ್ವಾ? ಸೇರಿಸೋಕೆ ಅದರಲ್ಲಿ ಸೋಪಿನಂಥ ಪದಾರ್ಥ ಇರುತ್ತೆ. ಅದೇ ನಮ್ಮ ಚರ್ಮದ ಎಣ್ಣೆಯನ್ನೂ ಎತ್ಕೊಂಡು ಹೋಗುತ್ತೆ. ಮೇಲಾಗಿ ಅದು ಕ್ಷಾರ, ಪಿಎಚ್ ಸುಮಾರು 9. ಅಂದ್ರೆ ದಿನಕ್ಕೆ ಎಂಟು ಗಂಟೆ ಸೋಪು ನೀರಲ್ಲಿ ಕೈ ಅದ್ದಿಟ್ಟ ಹಾಗೆ. ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಚೂರು ಗೀರ್ತಾ ಇರುತ್ತೆ. ಮೊದಲು ಒಣಗುತ್ತೆ, ಆಮೇಲೆ ಬೆರಳ ಸಂದಿ ಕೆಂಪಾಗುತ್ತೆ, ಆಮೇಲೆ ಬಿರುಕು. ಹೆಬ್ಬೆರಳ ಗೆರೆ ಅಳಿಸಿ ಹೋದದ್ದು ಹೀಗೆ.

ಇನ್ನೊಂದು ವಿಷಯ. ಚಿಕ್ಕವಳಿದ್ದಾಗ ಸೋಮವಾರ ಸಂಜೆ ಅಪ್ಪ ಬಂದರೆ ಕೊಳೆತ ಮೊಟ್ಟೆ ವಾಸನೆ. ಅದು ಅಪ್ಪನ ವಾಸನೆ ಅಂತಲೇ ಅಂದ್ಕೊಂಡಿದ್ದೆ! ಭಾನುವಾರ ಮಷೀನ್ ಆಫ್, ಟ್ಯಾಂಕಲ್ಲಿ ಕೂಲೆಂಟ್ ಓಡಾಡಲ್ಲ, ಗಾಳಿ ಸೇರಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆದು ಆ ವಾಸನೆ ಬರುತ್ತೆ. ಅದನ್ನ ಸಾಯಿಸೋಕೆ ಔಷಧಿ ಹಾಕ್ತಾರೆ, ಕೆಲವರಿಗೆ ಆ ಔಷಧಿಗೇ ಅಲರ್ಜಿ. ಅಲರ್ಜಿ ಒಮ್ಮೆ ಅಂಟಿದರೆ ಕಷ್ಟ, ಆಮೇಲೆ ನಾಲ್ಕು ಹನಿ ಸಿಡಿದರೂ ಕೈ ಏಳುತ್ತೆ.

"ಗ್ಲೌಸ್ ಹಾಕ್ಕೊಳ್ಳೋಕೆ ಏನು?" ಅಂತ ನಾನೂ ಕೇಳಿದ್ದೆ. ಅಪ್ಪ ನಕ್ಕರು. ತಿರುಗೋ ಚಕ್‌ಗೆ ಗ್ಲೌಸಿನ ತುದಿ ಸಿಕ್ಕಿದರೆ ಕೈಯನ್ನೇ ಎಳ್ಕೊಂಡು ಹೋಗುತ್ತೆ. ಅದಕ್ಕೆ ಮಷೀನ್ ನಿಂತಿರುವಾಗ, ಟ್ಯಾಂಕ್ ತೊಳೆಯುವಾಗ ಮಾತ್ರ ನೈಟ್ರೈಲ್ ಗ್ಲೌಸ್.

ಬರೀ ಕೈ ಅಲ್ಲ, ಉಸಿರೂ ಇದೆ. ಜಾಬ್ ಮುಗಿದ ತಕ್ಷಣ ಬಾಗಿಲು ತೆಗೆದರೆ ಮಂಜಿನ ತರ ಮುಖಕ್ಕೆ ಹೊಡೆಯುತ್ತೆ. ಅಮೆರಿಕದ ನಯೋಷ್ ಸಂಸ್ಥೆ 1998ರಲ್ಲೇ ಒಂದು ಘನ ಮೀಟರ್ ಗಾಳಿಯಲ್ಲಿ ಆ ಮಂಜು 0.4 ಮಿಲಿಗ್ರಾಂ ದಾಟಬಾರದು ಅಂತ ಹೇಳಿತ್ತು. ಶ್ವಾಸಕೋಶ ಊದಿಕೊಳ್ಳೋ ಕಾಯಿಲೆ, ಅಸ್ತಮಾ ಎರಡೂ ಇದರಿಂದ ಬರಬಹುದು. ಅಪ್ಪನ ಶೆಡ್ಡಲ್ಲಿ ಅಳೆಯೋರು ಯಾರೂ ಇಲ್ಲ. ಬಾಗಿಲು ತೆಗೆಯೋ ಮುಂಚೆ ಸ್ವಲ್ಪ ಹೊತ್ತು ಕಾಯಿರಿ ಅಂದೆ. "ಆ ಸ್ವಲ್ಪ ಹೊತ್ತು ಪ್ರೊಡಕ್ಷನ್ ಯಾರು ಕೊಡ್ತಾರೆ?" ಅಂದ್ರು.

ಇಎಸ್‌ಐ ಡಾಕ್ಟರ್ ಹತ್ತಿರ ನಾನೇ ಎಳ್ಕೊಂಡು ಹೋದೆ. ಅವರ ಮೊದಲ ಪ್ರಶ್ನೆ: "ಕೈ ಯಾವುದರಲ್ಲಿ ತೊಳೀತೀರಾ?" ಥಿನ್ನರ್ ಮತ್ತು ಮರದ ಪುಡಿ. ಡಾಕ್ಟರ್ ತಲೆ ಮೇಲೆ ಕೈ ಇಟ್ಟರು. ಥಿನ್ನರ್ ಬಿಟ್ಟು ಸಾಧಾರಣ ಸೋಪು, ಚೆನ್ನಾಗಿ ಒರೆಸೋದು, ಮಲಗೋ ಮುಂಚೆ ದಪ್ಪಗೆ ವ್ಯಾಸಲೀನ್. ಎಣ್ಣೆ ಕುಡಿದ ಬನಿಯನ್ ವೇಸ್ಟನ್ನ ಜೇಬಲ್ಲಿ ತುರುಕೋ ಹಾಗಿಲ್ಲ, ತೊಡೆಗೂ ಅದೇ ಕಜ್ಜಿ ಬರುತ್ತೆ. ಯೂನಿಫಾರ್ಮ್ ಮನೆ ಬಟ್ಟೆ ಜೊತೆ ನೆನೆಸೋ ಹಾಗಿಲ್ಲ. (ಅಮ್ಮ ಈಗ ಬೇರೆ ಬಕೆಟ್ ಇಟ್ಟಿದ್ದಾರೆ, ಮುಟ್ಟಿದರೆ ಬೈತಾರೆ.) ಯಾವುದಕ್ಕೆ ಅಲರ್ಜಿ ಅಂತ ತಿಳಿಯೋಕೆ ಪ್ಯಾಚ್ ಟೆಸ್ಟ್‌ಗೆ ಚೀಟಿನೂ ಬರೆದುಕೊಟ್ಟರು.

ಬಿಕಾಂ ಮಕ್ಕಳೇ, ಇಲ್ಲಿ ಸ್ವಲ್ಪ ಕೇಳಿ. ಕಾಸ್ಟ್ ಶೀಟಲ್ಲಿ ಕೂಲೆಂಟ್ ಎಲ್ಲಿ ಬರುತ್ತೆ? ಇನ್‌ಡೈರೆಕ್ಟ್ ಮೆಟೀರಿಯಲ್, ಫ್ಯಾಕ್ಟರಿ ಓವರ್‌ಹೆಡ್. ಬನಿಯನ್ ವೇಸ್ಟೂ ಅಲ್ಲೇ. ಇಎಸ್‌ಐ ಅಂದ್ರೆ ನೌಕರನದು 0.75, ಮಾಲೀಕನದು 3.25 ಪರ್ಸೆಂಟ್ ಅಂತ ಉರು ಹೊಡೆದಿದ್ದೀವಿ. ಅದೇ ಕಾಯ್ದೆಯ ಮೂರನೇ ಷೆಡ್ಯೂಲ್‌ನಲ್ಲಿ ಕೆಲಸದಿಂದ ಬರೋ ಕಾಯಿಲೆಗಳ ಪಟ್ಟಿ ಇದೆ, ಚರ್ಮದ ಕಾಯಿಲೆನೂ ಅದರಲ್ಲಿದೆ, ಅದನ್ನ ಕೆಲಸದಲ್ಲಿ ಆದ ಗಾಯ ಅಂತಲೇ ನೋಡಬೇಕು. ಇದು ನಮ್ಮ ನೋಟ್ಸಲ್ಲಿ ಇರಲಿಲ್ಲ.

ಖುಷಿಯಿಂದ ಅಪ್ಪನಿಗೆ ಓದಿ ಹೇಳಿದೆ. ಅವರು ಊಟ ಮಾಡ್ತಾನೇ ಅಂದ್ರು: "ಬರೆಸ್ಕೊಂಡರೆ ಪ್ಯಾಕಿಂಗ್‌ಗೆ ಹಾಕ್ತಾರೆ ಪುಟ್ಟಿ. ಓಟಿ ಹೋಗುತ್ತೆ. ನಿನ್ನ ಫೀಸು?"

ನನಗೆ ಮಾತು ಬರಲಿಲ್ಲ.

ಕೊನೆ ಫೋಟೋ ರಿಫ್ರಾಕ್ಟೋಮೀಟರ್. ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು, ಕಂಡ ನಂಬರನ್ನ ಆಯಿಲ್ ಕಂಪನಿ ಕೊಟ್ಟ ಫ್ಯಾಕ್ಟರ್‌ನಿಂದ ಗುಣಿಸಿದರೆ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಬೇಸಿಗೆಯಲ್ಲಿ ನೀರು ಆರಿ ಕೂಲೆಂಟ್ ಗಟ್ಟಿಯಾಗ್ತಾ ಹೋಗುತ್ತೆ, ಇಷ್ಟು ದಿನ ಕಣ್ಣಳತೆಯಲ್ಲೇ ಸುರಿತಿದ್ರು. ಸೂಪರ್‌ವೈಸರ್ ಡ್ರಾಯರಲ್ಲಿ ಈ ಸಾಮಾನು ಧೂಳು ಹಿಡಿದು ಬಿದ್ದಿತ್ತಂತೆ. ಅಪ್ಪ ಕೇಳಿ ಇಸ್ಕೊಂಡು ನೋಡಿದ್ರೆ 14! ಈಗ ವಾರಕ್ಕೊಮ್ಮೆ ನೋಡಿ 7ಕ್ಕೆ ತರ್ತಾರೆ. ಪಕ್ಕದ ಮಷೀನಿನ ಹುಡುಗನೂ ಕೇಳ್ಕೊಂಡು ಬಂದನಂತೆ.

ನಿನ್ನೆ ಗೇಟಲ್ಲಿ ಮೂರನೇ ಸಲಕ್ಕೆ ಹೆಬ್ಬೆರಳು ತಗೊಂಡಿತು. ಪ್ಯಾಚ್ ಟೆಸ್ಟ್ ಚೀಟಿ ಇನ್ನೂ ನನ್ನ ಕಾಸ್ಟಿಂಗ್ ಪುಸ್ತಕದೊಳಗೇ ಇದೆ.