ಹೊಗೆಯ ಸಂಸ್ಕಾರ

ಕಾರನ್ನಿಟ್ಟ ಗೃಹಸ್ಥನಿಗೆ ಪೆಟ್ರೋಲಿನ ಲೆಕ್ಕ ತಿಳಿದಿರುವಷ್ಟು ಹೊಗೆಯ ಲೆಕ್ಕ ತಿಳಿದಿರುವುದಿಲ್ಲ. ಆ ಹೊಗೆಯನ್ನು ಶೋಧಿಸುವುದಕ್ಕಾಗಿಯೇ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯೊಂದುಂಟು. ಅದರೊಳಗೆ ಜೇನುಹಟ್ಟಿನಂತೆ ರಂಧ್ರಮಯವಾದ ಪಿಂಗಾಣಿ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಲೇಪ. ಈ ಲೋಹಗಳು ತಾವು ವ್ಯಯವಾಗದೆ, ಪ್ರಾಣಾಪಾಯಕರವಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡನ್ನಾಗಿ ಮಾರ್ಪಡಿಸುವುವು. ಸೀಸವು ಈ ಲೇಪವನ್ನು ಕೆಡಿಸುವುದು. ಸೀಸ ಬೆರೆತ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು.

ಗುಂಡ್ಲುಪೇಟೆಯಲ್ಲಿ ನನ್ನ ತಮ್ಮನ ಮಗನ ಹಳೆಯ ಕಾರಿನ ಪೆಟ್ಟಿಗೆ ಕೆಟ್ಟಾಗ ಮೆಕ್ಯಾನಿಕ್ಕನು, "ಹೊಸದು ದುಬಾರಿ ಮೇಷ್ಟ್ರೇ, ಬರೀ ಪೈಪು ಹಾಕಿದ್ರೂ ಗಾಡಿ ಓಡ್ತದೆ" ಎಂದನು.

"ಓಡೀತಪ್ಪಾ, ಹಿಂದೆ ಬರುವವರು ಉಸಿರಾಡಬೇಡವೆ?" ಎಂದೆನು.

ಹುಡುಗನು ಸ್ವಲ್ಪ ಯೋಚಿಸಿ, ಎರಡು ತಿಂಗಳ ಉಳಿತಾಯವನ್ನು ವೆಚ್ಚಮಾಡಿ ಹೊಸದನ್ನೇ ತರಿಸಿದನು. ಮೆಕ್ಯಾನಿಕ್ಕನು ಅದರ ಮೇಲಿನ ಬಾಣದ ಗುರುತು ಹೊಗೆ ಹರಿಯುವ ದಿಕ್ಕಿಗಿರುವಂತೆ ಹಿಡಿದು, ಹೊಸ ಗ್ಯಾಸ್ಕೆಟ್ಟುಗಳನ್ನಿಟ್ಟು, ಸಂದುಗಳಲ್ಲಿ ಅನಿಲ ಸೋರದಂತೆ ಬಿಗಿದು, ಶಾಖವನ್ನು ತಡೆಯುವ ತಗಡನ್ನು ಮರಳಿ ಕೂಡಿಸಿದನು.

ಆ ತಗಡನ್ನು ಅಲಕ್ಷಿಸಲಾಗದು. ಪೆಟ್ಟಿಗೆಯು ಕೆಲಸಮಾಡುವಾಗ 300 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುವುದು. ಬೇಸಗೆಯಲ್ಲಿ ಬಂಡೀಪುರದ ದಾರಿಯ ಒಣಹುಲ್ಲಿನ ಮೇಲೆ ಕಾರನ್ನು ನಿಲ್ಲಿಸಿದರೆ ಕಿಚ್ಚು ಹತ್ತಬಹುದು. 2019ರ ಫೆಬ್ರವರಿಯಲ್ಲಿ ಆ ಕಾಡು ಉರಿದುದಕ್ಕೆ ಕಾರಣ ಬೇರೆ. ಆದರೂ ಒಣಹುಲ್ಲಿಗೆ ಎಲ್ಲ ಬೆಂಕಿಯೂ ಒಂದೇ.

ಮನೆಯ ಕಸವನ್ನು ನೆರೆಯವರ ಅಂಗಳಕ್ಕೆ ಎಸೆಯಲು ನಾಚುವ ನಾವು, ಹೊಗೆಯ ವಿಷಯದಲ್ಲಿಯೂ ಅಷ್ಟೇ ನಾಚಿದರೆ ಸಾಕು.