ಹಳೆಯ ಗಾಡಿಯ ಸಂಚಕಾರ

ನಮ್ಮ ಸೀಮೆಯಲ್ಲಿ ವ್ಯವಹಾರ ಕುದುರಿದ ಗುರುತಿಗೆ ಕೊಡುವ ಮುಂಗಡ ಹಣಕ್ಕೆ ಸಂಚಕಾರವೆನ್ನುತ್ತಾರೆ. ಅದೇ ಶಬ್ದಕ್ಕೆ ಕೇಡು, ಅಪಾಯವೆಂಬ ಅರ್ಥವೂ ಉಂಟು. ಇವೆರಡು ಒಂದೇ ಶಬ್ದದಲ್ಲಿ ಹೇಗೆ ಕೂಡಿಕೊಂಡವೆಂಬುದನ್ನು ಪಂಡಿತರು ಹೇಳಬೇಕು. ಹೊಲವನ್ನೋ ಎತ್ತುಗಳನ್ನೋ ಕೊಳ್ಳುವಾಗ ಸಂಚಕಾರ ಕೊಡುವವನು ವಸ್ತುವನ್ನು ಕಣ್ಣಾರೆ ಕಂಡಿರುತ್ತಿದ್ದನು; ಮಾರುವವನ ಮನೆತನವನ್ನು ಬಲ್ಲವನಾಗಿರುತ್ತಿದ್ದನು; ನಡುವೆ ಇಬ್ಬರು ಹಿರಿಯರು ಕುಳಿತಿರುತ್ತಿದ್ದರು. ಇಂದು ವಸ್ತುವನ್ನೂ ಕಾಣದೆ, ಮನುಷ್ಯನನ್ನೂ ಕಾಣದೆ, ಅಂಗೈಯಲ್ಲಿನ ಫೋನಿನಿಂದಲೇ ಸಂಚಕಾರ ಸಂದಾಯವಾಗುತ್ತದೆ.

ಮಾನ್ವಿಯಲ್ಲಿ ನನಗೆ ಪರಿಚಿತನಾದ ಯುವಕನೊಬ್ಬನಿದ್ದಾನೆ. ಅವನ ತಂದೆ ಭತ್ತ, ಹತ್ತಿಗಳ ಅಡತಿ ಅಂಗಡಿ ನಡೆಸುತ್ತಿದ್ದವರು. ಬಿಳಿಯ ಅಂಬಾಸಿಡರ್ ಗಾಡಿಯಲ್ಲಿ ಮಾನ್ವಿಯಿಂದ ದೇವದುರ್ಗಕ್ಕೂ ರಾಯಚೂರಿಗೂ ತಿರುಗಾಡಿದವರು. ಎರೆಮಣ್ಣಿನ ದಾರಿಗಳಿಗೆ ಆ ಗಾಡಿ ಹೇಳಿ ಮಾಡಿಸಿದಂತಿತ್ತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ನಿಂತುಹೋದ ವಸ್ತುವಿಗೆ ಬೆಲೆ ಹೆಚ್ಚು. ತಂದೆಯ ನೆನಪು ಬೆರೆತರೆ ಬೆಲೆಯ ಲೆಕ್ಕವೇ ತಪ್ಪುತ್ತದೆ. ತಂದೆ ತೀರಿಕೊಂಡ ಮೇಲೆ ಅಂಥದೊಂದು ಗಾಡಿಯನ್ನು ಕೊಳ್ಳಬೇಕೆಂಬ ಹಂಬಲ ಈ ಯುವಕನನ್ನು ಹಿಡಿಯಿತು.

ಒಂದು ದಿನ ಫೋನು ಮಾಡಿ, “ಕಾಕಾ, ಗಾಡಿ ಸಿಕ್ತ್ರಿ. ಅಪ್ಪಾರದ್ದು ಇತ್ತಲ್ಲ, ಥೇಟ್ ಹಂಗs ಐತಿ” ಎಂದನು. ಅಂತರ್ಜಾಲದ ಜಾಹೀರಾತು: 1958ರ ಅಂಬಾಸಿಡರ್ ಮಾರ್ಕ್ 2, ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ. ಮಾರುವವನು ಸೈನಿಕನಂತೆ, ದೂರದ ಗಡಿಗೆ ವರ್ಗವಾಗಿದೆಯಂತೆ, ಅದಕ್ಕೇ ಇಷ್ಟು ಅಗ್ಗವಂತೆ. ಸೇನೆಯ ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸಿದ್ದನು. ನನಗೆ ತಿಳಿಸುವ ಹೊತ್ತಿಗೆ ಯುವಕನು “ಗೇಟ್ ಪಾಸ್” ಎಂದು ಐದು ಸಾವಿರದ ನೂರ ಐವತ್ತು, ಸಾಗಣೆಗೆಂದು ಹದಿನೆಂಟು ಸಾವಿರದ ಐನೂರು ರೂಪಾಯಿ ಕಳುಹಿಸಿಯಾಗಿತ್ತು. ಗಾಡಿ ಹೊರಟಿದೆ, ವಿಮೆಗೆ ಇನ್ನಷ್ಟು ಬೇಕೆಂದು ಮೂರನೆಯ ಕರೆ ಬಂದಿತ್ತು.

ಅಂಬಾಸಿಡರಿನ ಮಾರ್ಕ್ 2 ಮಾದರಿ ಬಂದದ್ದೇ 1962ರಲ್ಲಿ. 1958ರ ಮಾರ್ಕ್ 2 ಎಂಬುದು ಹುಟ್ಟದ ಮಗುವಿಗೆ ಕುಲಾವಿ. ಹೀಗೆಯೇ “1968ರ ಪದ್ಮಿನಿ” ಎಂಬ ಜಾಹೀರಾತುಗಳೂ ಕಾಣುತ್ತವೆ. ಆ ಗಾಡಿಗೆ ಪದ್ಮಿನಿಯೆಂಬ ಹೆಸರು ಬಂದದ್ದು 1974ರಲ್ಲಿ, ಅದಕ್ಕೆ ಮುಂಚೆ ಅದು ಫಿಯಟ್. ಹಳೆಯ ಗಾಡಿಯನ್ನು ನಿಜವಾಗಿ ಬಾಳಿಸಿದವನು ಇಂಥ ತಪ್ಪು ಮಾಡುವುದು ಅಪರೂಪ. ನಾನು ಇಷ್ಟನ್ನೇ ಹೇಳಿದೆ. ಅತ್ತ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಸೈನಿಕನ ವೇಷದ ಈ ಮೋಸ ಹೊಸದಲ್ಲ. ಬೆಂಗಳೂರು ಮೊದಲಾದ ಊರುಗಳ ಪೋಲೀಸರು ಇದರ ಬಗೆಗೆ ಅನೇಕ ಸಲ ಎಚ್ಚರಿಸಿದ್ದಾರೆ. ಯೋಧನ ಮೇಲೆ ನಮಗಿರುವ ಗೌರವವೇ ವಂಚಕನ ಬಂಡವಾಳ. ಗಾಡಿ ತೋರಿಸೆಂದರೆ ಠಾಣ್ಯದೊಳಗೆ ಹೊರಗಿನವರಿಗೆ ಪ್ರವೇಶವಿಲ್ಲವೆನ್ನುತ್ತಾನೆ. ಆ ಮಾತು ನಂಬುವಂತೆಯೂ ಇರುತ್ತದೆ. ಅನುಮಾನ ಬಂದು ಹಣ ಹಿಂದಕ್ಕೆ ಕೇಳಿದವರಿಗೆ ಒಂದು ಕ್ಯೂಆರ್ ಸಂಕೇತ ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ” ಎನ್ನುತ್ತಾನೆ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಒತ್ತಿದವನು ಎರಡನೆಯ ಸಲ ಕಳೆದುಕೊಳ್ಳುತ್ತಾನೆ. ಕಳೆದುಕೊಂಡವರು ನಾಚಿಕೆಯಿಂದ ದಿನಗಟ್ಟಲೆ ಬಾಯಿ ಬಿಡದಿರುವುದು ವಂಚಕನಿಗೆ ಆಗುವ ದೊಡ್ಡ ಉಪಕಾರ. 1930 ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಜಾರಿಹೋಗುವ ಮೊದಲೇ ತಡೆಹಿಡಿಯಿಸುವ ಅವಕಾಶವಿರುತ್ತದೆ. ನಮ್ಮ ಯುವಕನು ಅಂದೇ ಕರೆ ಮಾಡಿದನು. ಅಲ್ಪ ಭಾಗವಷ್ಟೇ ತಡೆಯಲ್ಲಿ ಸಿಕ್ಕಿತು.

ಹಳೆಯ ಗಾಡಿಯ ವಿಷಯದಲ್ಲಿ ವಂಚಕನಿಗೆ ಇನ್ನೊಂದು ಅನುಕೂಲವಿದೆ. ಈಚಿನ ವಾಹನವಾದರೆ ಅದರ ಸಂಖ್ಯೆಯನ್ನು ಸರಕಾರದ ‘ವಾಹನ್’ ದಾಖಲೆಯಲ್ಲಿ ಯಾರೂ ನೋಡಬಹುದು. ಆದರೆ ಎಷ್ಟೋ ಹಳೆಯ ಗಾಡಿಗಳ ವಿವರ ಕಾಗದದ ಪುಸ್ತಕದಲ್ಲಿಯೇ ಉಳಿದು ಗಣಕಕ್ಕೆ ಏರಿಲ್ಲ. “ಹಳೇ ಗಾಡಿ, ಅದರಲ್ಲಿ ಕಾಣೋದಿಲ್ಲ” ಎಂಬ ಮಾತು ಒಮ್ಮೊಮ್ಮೆ ನಿಜವೂ ಹೌದು, ಸುಳ್ಳಿಗೆ ಒಳ್ಳೆಯ ಮರೆಯೂ ಹೌದು. ಆದುದರಿಂದ ಗಾಡಿ ದಾಖಲಾದ ಆರ್.ಟಿ.ಓ. ಕಚೇರಿಗೇ ಹೋಗಿ ವಿಚಾರಿಸಬೇಕು, ಆರ್.ಸಿ. ಪುಸ್ತಕದಲ್ಲಿನ ಚಾಸಿ ಸಂಖ್ಯೆಯನ್ನು ಗಾಡಿಯ ಲೋಹದ ಮೇಲಿನ ಸಂಖ್ಯೆಯೊಡನೆ ಕಣ್ಣಾರೆ ಹೋಲಿಸಬೇಕು. ದೂರದವನಾದರೆ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ ಅಚ್ಚನ್ನು ಕೇಳಬೇಕು. ಗಾಡಿಯೇ ಇಲ್ಲದವನು ಅಚ್ಚನ್ನೆಲ್ಲಿಂದ ತಂದಾನು?

ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಪೋಲೀಸರ ಕರಪತ್ರವೇ ಸಾಕಾಗುತ್ತಿತ್ತು. ಎರಡು ತಿಂಗಳ ತರುವಾಯ ಯುವಕನಿಗೆ ನಿಜವಾದ ಅಂಬಾಸಿಡರ್ ಸಿಕ್ಕಿತು. ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ, ಬೇವಿನ ಮರದಡಿ, ಟೈರುಗಳು ನೆಲಕ್ಕೆ ಕುಸಿದು ನಿಂತಿತ್ತು. ನಾನೂ ಜೊತೆಗೆ ಹೋಗಿದ್ದೆ. ಯಜಮಾನರು ತೀರಿಹೋಗಿದ್ದರು, ಆರ್.ಸಿ. ಕಳೆದಿತ್ತು. ಮಧ್ಯವರ್ತಿಯು ಅರವತ್ತು ಸಾವಿರ ಹೇಳಿ, “ಕಾಗದದ ಚಿಂತಿ ಬಿಡ್ರಿ. ಗುಜರಿಗೆ ಹೋದ ಇನ್ನೊಂದು ಗಾಡಿದು ಆರ್.ಸಿ. ನನ್ನ ಕಡೆ ಐತಿ. ಅದರ ನಂಬರ್ ಇದಕ್ಕ ಹೊಡಿಸಿ ಕೊಡ್ತೀನಿ” ಎಂದನು. ಯಜಮಾನರ ಹಿರಿಯ ಮಗನು ತಲೆಯಾಡಿಸಿದನು. ತೀರಿಹೋದ ಕಿರಿಯ ಮಗನ ಹೆಂಡತಿಯೂ ಅದೇ ಊರಿನಲ್ಲಿದ್ದಾಳೆ, ಆಕೆಗೆ ಈ ಮಾರಾಟದ ಸುದ್ದಿ ಗೊತ್ತಿಲ್ಲ ಎಂಬುದು ಮಾತಿನ ನಡುವೆ ತಾನಾಗಿ ಹೊರಬಿತ್ತು.

ಹಿಂದಿರುಗುವ ದಾರಿಯಲ್ಲಿ ಯುವಕನು, “ಅಂವಾ ನನಗ ಮೋಸ ಮಾಡಿದಾಗ ಯಾರು ಕೇಳಿದ್ರು ಕಾಕಾ? ಗಾಡಿಯಂತೂ ಕಣ್ಣಮುಂದ ಐತಿ” ಎಂದನು. ಈ ಮಾತೇ ನನ್ನನ್ನು ಹೆಚ್ಚು ಕಲಕಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸುಳ್ಳು ಬರಹವನ್ನು ‘ಕೂಟಲೇಖಕ್ರಿಯೆ’ ಎಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದನ್ನು ‘ಪ್ರತಿರೂಪಕ ವ್ಯವಹಾರ’ವೆಂದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಅದೇ ಪಟ್ಟಿಯಲ್ಲಿ ‘ತದಾಹೃತಾದಾನ’ವೂ ಇದೆ: ಕಳ್ಳನು ತಂದುದನ್ನು ಕೊಳ್ಳುವುದು. ಕದ್ದವನಷ್ಟೇ ಅಲ್ಲ, ಕೊಂಡವನೂ ಲೆಕ್ಕಕ್ಕೆ ಬರುತ್ತಾನೆ. ಫೋನಿನಾಚೆಯ ಸೈನಿಕನು ಕಳುಹಿಸಿದ್ದ ಗುರುತಿನ ಚೀಟಿಯೂ, ಈ ಮಧ್ಯವರ್ತಿಯ ಜೇಬಿನಲ್ಲಿರುವ ಆರ್.ಸಿ.ಯೂ ಒಂದೇ ಜಾತಿಯ ಬರಹಗಳೆಂದು ನಾನು ಅವನಿಗೆ ಹೇಳಿದೆ. ಮೊದಲನೆಯದಕ್ಕೆ ಅವನು ಬಲಿಯಾಗಿದ್ದನು. ಎರಡನೆಯದಕ್ಕೆ ಬಲಿಯಾಗುವವಳು ಆ ಸೊಸೆ, ಆಮೇಲೆ ಆ ಗಾಡಿಯನ್ನು ಇವನಿಂದ ಕೊಳ್ಳುವವನು.

ನೇರವಾದ ದಾರಿಯೂ ಉಂಟು, ನಿಧಾನವೆಂಬುದೊಂದೇ ಅದರ ದೋಷ. ಆರ್.ಸಿ. ಕಳೆದಿದ್ದರೆ ಪೋಲೀಸರಿಗೆ ದೂರು ಕೊಟ್ಟು 26ನೆಯ ನಮೂನೆಯಲ್ಲಿ ನಕಲು ಪ್ರತಿ ಕೇಳಬಹುದು. ಯಜಮಾನನು ತೀರಿಹೋಗಿದ್ದರೆ ವಾರಸುದಾರರು 31ನೆಯ ನಮೂನೆಯಿಂದ ಹೆಸರು ಬದಲಾಯಿಸಿಕೊಳ್ಳಬೇಕು. ಆ ಬಳಿಕ ಮಾರಾಟಕ್ಕೆ 29, 30ನೆಯ ನಮೂನೆಗಳು. ಮೊದಲ ನೋಂದಣಿಗೆ ಐವತ್ತು ವರ್ಷ ತುಂಬಿ, ಮೂಲ ರೂಪದಲ್ಲಿಯೇ ಉಳಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯೂ ದೊರೆಯುತ್ತದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಹೊರಡಿಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಮಾನ್ವಿಯಿಂದ ದೇವದುರ್ಗಕ್ಕೆ ತಂದೆಯಂತೆ ಪೇಟೆ ತಿರುಗಬೇಕೆಂದಿದ್ದ ಯುವಕನಿಗೆ ಇದು ರುಚಿಸಲಿಲ್ಲ.

ಆದರೂ ಮುಂದಿನ ವಾರ ಅವನು ಒಬ್ಬನೇ ಆ ಹಳ್ಳಿಗೆ ಹೋಗಿ ಸೊಸೆಯನ್ನು ಕಂಡು ಬಂದನು. “ಗಾಡಿ ಮಾರೋದು ನನಗ ಯಾರೂ ಹೇಳಿಲ್ರಿ. ನಮ್ಮ ಹುಡುಗ ಹತ್ತನೇತ್ತ ಮುಗಿಸ್ಲಿ, ಆಮ್ಯಾಲ ನೋಡೂಣು” ಎಂದಳಂತೆ. ಮಧ್ಯವರ್ತಿಯು ಅನಂತರ ಎರಡು ಸಲ ಫೋನು ಮಾಡಿ, ರಾಯಚೂರಿನಿಂದ ಬೇರೊಬ್ಬ ಗಿರಾಕಿ ಬಂದಿದ್ದಾನೆ, ತಡಮಾಡಬೇಡಿರೆಂದನು. ಯುವಕನು ಆ ಗಿರಾಕಿಯ ಸುದ್ದಿಯನ್ನು ಸೊಸೆಗೆ ತಿಳಿಸಿದನು. ಗಾಡಿ ಇನ್ನೂ ಬೇವಿನ ಮರದಡಿಯಲ್ಲಿಯೇ ಇದೆ. ಇವನು ಪೇಟೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಾನೆ.