ಗಾಳಿಕೋವಿಯ ಬೇಟೆ

ಮನುಷ್ಯನ ಕೈಗೆ ಬಂದ ಆಯುಧಗಳಲ್ಲಿ ಗಾಳಿಕೋವಿಯಷ್ಟು ಸಾಧುವೆಂದು ಹೆಸರು ಪಡೆದದ್ದು ಬೇರೊಂದಿಲ್ಲ. ಅದರಲ್ಲಿ ಮದ್ದಿಲ್ಲ, ಹೊಗೆಯಿಲ್ಲ, ಊರು ಬೆಚ್ಚಿಬೀಳುವಂಥ ಸದ್ದೂ ಇಲ್ಲ. ಜಾತ್ರೆಯಲ್ಲಿ ಬಲೂನು ಒಡೆಯುವುದಕ್ಕೆಂದು ಎಳೆಯ ಮಕ್ಕಳ ಕೈಗೂ ಅದನ್ನು ಕೊಡುತ್ತಾರೆ. ಪಕ್ಕದಲ್ಲಿ ನಿಂತ ತಾಯಂದಿರು ಹೆದರುವುದಕ್ಕೆ ಬದಲು ಚಪ್ಪಾಳೆ ತಟ್ಟುತ್ತಾರೆ. ಗೃಹಸ್ಥನೊಬ್ಬ ಮಗನಿಗೆ ಬಂದೂಕು ಕೊಡಿಸಿದನೆಂದರೆ ನೆರೆಯವರು ಹುಬ್ಬೇರಿಸಿಯಾರು. ಗಾಳಿಕೋವಿ ಕೊಡಿಸಿದನೆಂದರೆ, "ಪಾಪ, ಹುಡುಗನಿಗೆ ರಜೆ, ಆಡಿಕೊಳ್ಳಲಿ" ಎಂದು ಸುಮ್ಮನಾಗುತ್ತಾರೆ. ಆಟಿಕೆಗೂ ಆಯುಧಕ್ಕೂ ನಡುವಣ ಗಡಿಯ ಮೇಲೆ ಅದು ನಿಂತಿದೆ. ಅದರ ಅಪಾಯವೂ ಅಲ್ಲಿಯೇ ಇದೆ.

ಅದರ ಯಂತ್ರರಚನೆ ಬಹು ಸರಳವಾದುದು. ಕೊಳವೆಯನ್ನು ಮಡಿಸಿದರೆ ಒಳಗಿನ ಸ್ಪ್ರಿಂಗು ಅದುಮಿಕೊಂಡು ನಿಲ್ಲುತ್ತದೆ. ಕುದುರೆಯನ್ನು ಒತ್ತಿದೊಡನೆ ಅದು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಎದುರಿಗೆ ಸಿಕ್ಕಿದ ಗಾಳಿ ಸೀಸದ ಗುಂಡನ್ನು ಹೊರಕ್ಕೆ ತಳ್ಳುತ್ತದೆ. ಗುಂಡಿನ ಅಡ್ಡಳತೆ ಸಾಮಾನ್ಯವಾಗಿ 4.5 ಮಿಲಿಮೀಟರ್, ತೂಕ ಸುಮಾರು ಅರ್ಧ ಗ್ರಾಂ. ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್ ಮಾತ್ರ. ದೊಡ್ಡ ಬೇಟೆಯ ರೈಫಲುಗಳಲ್ಲಿ ಈ ಲೆಕ್ಕ ಸಾವಿರಗಳನ್ನು ಮುಟ್ಟುತ್ತದೆ. ಆದಕಾರಣವೇ 2016ರ ಆಯುಧ ನಿಯಮಗಳು, 20 ಜೂಲಿಗೆ ಮೀರದ, 4.5 ಮಿಲಿಮೀಟರಿಗಿಂತ ಅಗಲವಲ್ಲದ ಗಾಳಿಕೋವಿಗೆ ಪರವಾನಗಿಯನ್ನು ಕೇಳುವುದಿಲ್ಲ. ಕೊಳ್ಳುವುದಕ್ಕೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಕೊಲ್ಲುವುದಕ್ಕೂ ಬೇಡವೆಂದು ಎಳೆಯರು ತಿಳಿದುಕೊಂಡರೆ ಆಶ್ಚರ್ಯವೇನು?

ಪುಷ್ಯಮಾಸದ ಒಂದು ಸಂಜೆಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬೇಕು. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನ ಮೇಲೆ. ಅಲ್ಲಿಂದ ಇಳಿದು ಭಾಲ್ಕಿಯ ಕಡೆಗೆ ಹೋದರೂ, ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗೆ ಹೋದರೂ, ಮಣ್ಣಿನ ಬಣ್ಣ ತಿರುಗಿ ಎರೆಯ ಹೊಲಗಳು ಎದುರಾಗುತ್ತವೆ. ತೊಗರಿಯ ಕೊಯ್ಲು ಮುಗಿದು ಹೊಲದಲ್ಲಿ ಕೂಳೆ ಮಾತ್ರ ನಿಂತಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ, ಬಿಳಿಜೋಳ ತಲೆಯೆತ್ತರ ಬೆಳೆದಿರುತ್ತದೆ. ಹದಿನೈದು ದಿನಗಳ ಕೆಳಗಷ್ಟೆ ಎಳ್ಳಮಾವಾಸ್ಯೆ ಆಗಿಹೋಗಿದೆ. ಮನೆಮಂದಿಯೆಲ್ಲ ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳ ಬುಟ್ಟಿ ಹೊತ್ತು ಹೊಲಕ್ಕೆ ಬಂದು, ಭೂಮಿತಾಯಿಗೆ ಪೂಜೆ ಸಲ್ಲಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ ಹೋಗಿದ್ದಾರೆ. ಆ ಚರಗವನ್ನು ಆರಿಸಿ ತಿಂದ ಹಕ್ಕಿಪಕ್ಕಿಗಳು ಇನ್ನೂ ಅಲ್ಲಿಯೇ ಇವೆ.

ಆ ಹೊಲಕ್ಕೆ ಬನದ ಹುಣ್ಣಿಮೆಯ ದಿನ ಇಬ್ಬರು ತರುಣರು ಬರುತ್ತಾರೆ. ಒಬ್ಬ ಬೀದರಿನ ಕಾಲೇಜಿನಲ್ಲಿ ಓದುವವನು, ಔರಾದ ತಾಲ್ಲೂಕಿನ ಹೊಲದೊಡೆಯನ ಅಣ್ಣನ ಮಗ. ಇನ್ನೊಬ್ಬ ಭಾಲ್ಕಿಯಿಂದ ಬಂದ ಅವನ ಸಹಪಾಠಿ. ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು, ಹೆಗಲಿಗೆ ಹೊಸ ಗಾಳಿಕೋವಿ. ಸಿದ್ಧತೆಯನ್ನು ಕಂಡರೆ ಹುಲಿಯೇ ಓಡಬೇಕು. ಮೊದಲ ಗುಂಡು ಬೇವಿನ ಬೊಡ್ಡೆಗೆ ತಾಗುತ್ತದೆ, ಎರಡನೆಯದು ಹಳೆಯ ಡಬ್ಬಿಗೆ, ಮೂರನೆಯದು ಯಾವುದಕ್ಕೂ ಇಲ್ಲ. ಬದುವಿನ ಮೇಲೆ ಕುಳಿತ ಕಾಕಾ ನಗುತ್ತಾನೆ. ಇಷ್ಟರಲ್ಲೇ ಸಂಜೆ ಮುಗಿದಿದ್ದರೆ ಅದು ನಿಜವಾಗಿಯೂ ಆಟವೇ ಆಗುತ್ತಿತ್ತು.

ಹೊಲದ ಮೂಲೆಯಲ್ಲಿ ಹಳೆಯ ಕಲ್ಲುಕಟ್ಟಡದ ಬಾವಿ. ಬೀದರ್ ಕೋಟೆಯ ಕಮಾನುಗಳಲ್ಲಿಯೂ 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸದ ಗೋಡೆಗಳಲ್ಲಿಯೂ ಹೇಗೋ, ಹಾಗೆಯೇ ಇಂಥ ಬಾವಿಗಳ ಕಲ್ಲುಸಂದುಗಳಲ್ಲಿಯೂ ಪಾರಿವಾಳಗಳು ಗೂಡು ಮಾಡುತ್ತವೆ. ಹೊತ್ತಿಳಿಯುವಾಗ ಅವು ತೊಗರಿಯ ಕೂಳೆಯಲ್ಲಿ ಉದುರಿದ ಕಾಳನ್ನು ಆರಿಸುತ್ತಿರುತ್ತವೆ. ನಾಲ್ಕನೆಯ ಗುಂಡಿಗೆ ಒಂದು ಬೀಳುತ್ತದೆ, ಆರನೆಯದಕ್ಕೆ ಇನ್ನೊಂದು. ತರುಣರು ಕೂಗುತ್ತ ಓಡುತ್ತಾರೆ. ಅಂಗೈಯಲ್ಲಿ ಎತ್ತಿಕೊಂಡಾಗ ಅದರ ಮೈ ಬಿಸಿಯಾಗಿದೆ. ಕೊರಳ ಸುತ್ತಣ ಹಸಿರು ನೇರಿಳೆಯ ಹೊಳಪು ಹಾಗೆಯೇ ಇದೆ.

ಪಾರಿವಾಳದ ಸಂಸಾರ ಮನುಷ್ಯರ ಸಂಸಾರಕ್ಕೆ ಬಹು ಹತ್ತಿರವಾದುದು. ಒಂದು ಬಾಣಂತನಕ್ಕೆ ಎರಡು ಮೊಟ್ಟೆ. ಹದಿನೇಳು ಹದಿನೆಂಟು ದಿನಗಳ ಕಾವು. ಹಗಲಿನ ನಡುಹೊತ್ತಿನಲ್ಲಿ ಕಾವು ಕೂರುವುದು ಸಾಮಾನ್ಯವಾಗಿ ಗಂಡಿನ ಕೆಲಸ. ಇಳಿಹೊತ್ತಿನಿಂದ ಮರುದಿನ ಬೆಳಗಿನವರೆಗೆ ಹೆಣ್ಣಿನದು. ಮರಿಗಳು ಹುಟ್ಟಿದ ಮೊದಲ ದಿನಗಳಲ್ಲಿ ತಾಯಿತಂದೆ ಇಬ್ಬರೂ ತಮ್ಮ ಗಂಟಲ ಚೀಲದಲ್ಲಿ ಒಸರುವ ಹಾಲಿನಂಥ ಆಹಾರವನ್ನು ಉಣಿಸುತ್ತಾರೆ. ಹಕ್ಕಿಗಳಲ್ಲಿ ತಂದೆಯೂ ಹಾಲೂಡಿಸುವ ವಂಶಗಳು ಬಹಳವಿಲ್ಲ. ಹೀಗಿರುವಲ್ಲಿ ಸಂಜೆಯ ಹೊಲದಲ್ಲಿ ಕಾಳು ಆರಿಸುವ ಹಕ್ಕಿ ತನಗಾಗಿಯೇ ಆರಿಸುತ್ತಿರುವುದೋ, ಬಾವಿಯೊಳಗಿನ ಎರಡು ಬಾಯಿಗಳಿಗಾಗಿಯೋ, ಕೋವಿಯ ಹಿಂದೆ ಒಂದು ಕಣ್ಣು ಮುಚ್ಚಿ ನಿಂತವನಿಗೆ ತಿಳಿಯುವ ಬಗೆ ಹೇಗೆ?

ಸೂರ್ಯ ಮುಳುಗುತ್ತಿದ್ದಂತೆ ಎದುರು ದಿಕ್ಕಿನಲ್ಲಿ ಹುಣ್ಣಿಮೆಯ ಚಂದ್ರ ಏಳುತ್ತಾನೆ. ಹಿರಿಯರು ಅವನನ್ನು ಶಶಾಂಕನೆಂದು ಕರೆದದ್ದು ಅವನ ಮೈಮೇಲಿನ ಮೊಲದ ಗುರುತಿನಿಂದ. ಭೂಮಿಯ ಮೊಲ ಹೊರಡುವುದೂ ಅದೇ ಹೊತ್ತಿಗೆ. ಮೊಲವೆಂದರೆ ಬಿಲದೊಳಗಣ ಪ್ರಾಣಿಯೆಂದು ನಗರದವರು ತಿಳಿಯುವುದುಂಟು. ಬಿಲ ತೋಡುವುದು ಪಂಜರದಲ್ಲಿ ಸಾಕುವ ಬಿಳಿಯ ಜಾತಿ. ದಖನಿನ ಹೊಲಗಳಲ್ಲಿರುವ ಕಪ್ಪುಕತ್ತಿನ ಮೊಲಕ್ಕೆ ಬಿಲವೇ ಇಲ್ಲ. ಹುಲ್ಲಿನ ಬುಡದಲ್ಲಿ ತನ್ನ ಮೈಯಷ್ಟೇ ಅಗಲದ ತಗ್ಗು ಮಾಡಿಕೊಂಡು ಅದು ಹಗಲೆಲ್ಲ ಅಲುಗಾಡದೆ ಮಲಗಿರುತ್ತದೆ. ಅದರ ಮರಿಗಳು ಮೈತುಂಬ ಕೂದಲಿನೊಡನೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. ಆಶ್ರಯವಿಲ್ಲದ ಪ್ರಾಣಿಗೆ ದೇವರು ಕೊಟ್ಟದ್ದು ಎರಡೇ: ಸುಮ್ಮನಿರುವ ತಾಳ್ಮೆ, ಓಡುವ ಕಾಲು.

ಕಡಲೆಯ ಸಾಲಿನಲ್ಲಿ ಅಂಥದೊಂದು ಕಿವಿ ನಿಮಿರಿಸಿ ಕುಳಿತದ್ದು ಕಾಣುತ್ತದೆ. ಭಾಲ್ಕಿಯ ಹುಡುಗ ಮೊಬೈಲಿನ ಬೆಳಕು ಬಿಡುತ್ತಾನೆ. ಮೊಲದ ಕಣ್ಣು ಹೊಳೆದು, ಅದು ಇದ್ದಲ್ಲಿಯೇ ಸ್ತಬ್ಧವಾಗುತ್ತದೆ. ಕೋವಿ ಟಪ್ಪೆನ್ನುತ್ತದೆ. ಮೊಲ ಒಂದು ಮೊಳ ಮೇಲಕ್ಕೆ ಚಿಮ್ಮಿ, ಕುಂಟುತ್ತ ಜೋಳದೊಳಗೆ ಮಾಯವಾಗುತ್ತದೆ.

"ಹತ್ತ್ಯದ, ಕಾಕಾ! ಹತ್ತ್ಯದ!"

"ಹತ್ತಿದ್ದು ಖರೆ. ಬಿದ್ದದ್ದೆಲ್ಲಿ?"

ತರುಣರಲ್ಲಿ ಉತ್ತರವಿಲ್ಲ. ಕಾಕಾ ಬದುವಿನಿಂದ ಎದ್ದು, ದೋತರವನ್ನು ಮೇಲೆತ್ತಿ ಕಟ್ಟಿಕೊಂಡು, ತಾನೇ ಮುಂದಾಗಿ ಜೋಳದೊಳಕ್ಕೆ ಇಳಿಯುತ್ತಾನೆ. ಅವನ ತಂದೆ ನಿಜಾಮರ ಆಳಿಕೆಯ ದಿನಗಳಲ್ಲಿ ಶಿಕಾರಿಯವರ ಜೊತೆ ತಿರುಗಿದವನು. ಆ ಕಾಲದ ಬೇಟೆಗೂ ಒಂದು ಕಟ್ಟಳೆಯಿತ್ತು: ಗಾಯಗೊಂಡ ಪ್ರಾಣಿಯನ್ನು ಹಿಂದೆ ಬಿಟ್ಟು ಬೇಟೆಗಾರ ಮನೆಗೆ ತಿರುಗಬಾರದು. "ಹೊಡದವ್ರು ಹುಡಕಬೇಕು" ಎಂದಷ್ಟೇ ಹೇಳಿ ಕಾಕಾ ದಂಟುಗಳನ್ನು ಸರಿಸುತ್ತ ನಡೆಯುತ್ತಾನೆ. ಕಡಲೆಯ ಎಲೆಯ ಮೇಲೆ ಒಂದು ಹನಿ ರಕ್ತ. ಜೋಳದ ಮೊದಲ ಸಾಲಿನಲ್ಲಿ ಇನ್ನೊಂದು. ಆಮೇಲೆ ಏನೂ ಇಲ್ಲ. ಚಂದ್ರ ಒಂದು ಮಾರು ಮೇಲೆ ಬರುವವರೆಗೆ ಮೂವರೂ ಹುಡುಕುತ್ತಾರೆ. ಮೊಲ ಸಿಗುವುದಿಲ್ಲ. ಎರಡು ಮೂರು ಕಿಲೊ ತೂಗುವ, ಬಲವಾದ ಸ್ನಾಯುಗಳ ಆ ಪ್ರಾಣಿಯನ್ನು ಅರ್ಧ ಗ್ರಾಂ ಸೀಸ ಒಡನೆ ಕೊಲ್ಲಬೇಕಾದರೆ ತಲೆಯ ನಿಶ್ಚಿತ ಸ್ಥಾನಕ್ಕೇ ತಾಗಬೇಕು. ಹೊಟ್ಟೆಗೋ ತೊಡೆಗೋ ತಾಗಿದರೆ ಅದು ಸಾಯುವುದು ಮರುದಿನವೋ ಮೂರನೆಯ ದಿನವೋ, ಯಾರ ಕಣ್ಣಿಗೂ ಬೀಳದ ಒಂದು ಸಾಲಿನಲ್ಲಿ. ಆಯುಧ ದುರ್ಬಲವಾದಷ್ಟೂ ನೋವು ದೀರ್ಘವಾಗುತ್ತದೆ. ಗಾಳಿಕೋವಿ ಸಾಧುವೆಂಬುದು ಅದನ್ನು ಹಿಡಿದವನ ಪಾಲಿಗೆ ಮಾತ್ರ ನಿಜ.

ಆ ರಾತ್ರಿ ಮನೆಯಲ್ಲಿ ಪಾರಿವಾಳದ ಸಾರು. ಎರಡು ಹಕ್ಕಿಗಳ ಮಾಂಸ ಐದು ಜನರಿಗೆ ತಲಾ ಒಂದು ತುತ್ತಿಗೂ ಸಾಲದು. ಬೀದರಿನ ಹುಡುಗನ ಹಲ್ಲಿಗೆ ಏನೋ ಕಟ್ಟೆಂದು ಸಿಕ್ಕುತ್ತದೆ. ತೆಗೆದು ನೋಡಿದರೆ ನಜ್ಜುಗುಜ್ಜಾದ ಸೀಸದ ಗುಂಡು. ಅವನು ಅದನ್ನು ತಾಟಿನ ಅಂಚಿಗಿಟ್ಟು ಬರಿಯ ರೊಟ್ಟಿ ತಿನ್ನುತ್ತಾನೆ. ಯಾರೂ ಏನೂ ಕೇಳುವುದಿಲ್ಲ.

ಕನ್ನಡ ಕಾವ್ಯಗಳಲ್ಲಿ ಬೇಟೆ ಹೊಸತಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನೇ ಬೇಟೆಗೆ ಹೊರಡುತ್ತಾನೆ. ಆ ಸಡಗರವನ್ನು ಓದಿದವರ ಕಾಲೂ ಕಾಡಿನತ್ತ ತಿರುಗುತ್ತದೆ. ಆದರೆ ಬಾಣನ ಕೃತಿಯನ್ನು ಕನ್ನಡಕ್ಕೆ ತಂದ ನಾಗವರ್ಮನ ಕಾದಂಬರಿಯಲ್ಲಿ ಬೇಟೆಯ ಕಥೆಯನ್ನು ಹೇಳುವುದು ಬೇಟೆಗಾರನಲ್ಲ, ಒಂದು ಗಿಳಿ. ತಾನು ಮರಿಯಾಗಿದ್ದಾಗ ಮುದಿ ಬೇಡನೊಬ್ಬ ಮರವೇರಿ ಬಂದುದನ್ನು, ಮುಪ್ಪಿನ ತಂದೆ ರೆಕ್ಕೆಯ ಕೆಳಗೆ ತನ್ನನ್ನು ಮುಚ್ಚಿಟ್ಟು ಸತ್ತುದನ್ನು ಅದು ರಾಜಸಭೆಯಲ್ಲಿ ನಿಂತು ಹೇಳುತ್ತದೆ. ಕೋವಿಯ ಕಡೆಯಿಂದ ನೋಡಿದ ಬೇಟೆಗೂ ಗೂಡಿನ ಕಡೆಯಿಂದ ನೋಡಿದ ಬೇಟೆಗೂ ಎಷ್ಟು ಅಂತರವೆಂಬುದು ಈ ಎರಡು ಕಾವ್ಯಗಳನ್ನು ಜೊತೆಗಿಟ್ಟು ಓದಿದರೆ ತಿಳಿಯುತ್ತದೆ.

ಕಾಯಿದೆಯೂ ಈಗ ಗೂಡಿನ ಕಡೆಗೇ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮೊಲವನ್ನು ಬೇಟೆಯಾಡುವುದು ಅಪರಾಧ. ಪಾರಿವಾಳದ ಕುಲದಲ್ಲಿ ಊರ ಪಾರಿವಾಳವೊಂದನ್ನು ಬಿಟ್ಟು ಬೆಳವ, ಹಸಿರು ಪಾರಿವಾಳ ಮೊದಲಾದ ಉಳಿದುವನ್ನೆಲ್ಲ ಆಗಲೇ ಪಟ್ಟಿಗೆ ಸೇರಿಸಲಾಗಿತ್ತು. ಮಬ್ಬುಗತ್ತಲೆಯಲ್ಲಿ ಮೂವತ್ತು ಹೆಜ್ಜೆ ದೂರದಿಂದ ಅವುಗಳ ಭೇದವನ್ನು ತಿಳಿಯುವ ಕಣ್ಣು ಎಷ್ಟು ಜನರಿಗಿದೆ? 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ, ಇಂಥ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆಮನೆ, ಇಲ್ಲವೆ 1 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ಹಿಂದೆ ಈ ದಂಡದ ಮಿತಿ 25,000 ಆಗಿತ್ತು. ಕಾಯಿದೆಯ ಭಾಷೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯಗೊಳಿಸುವುದೂ ಬೇಟೆ, ಪ್ರಯತ್ನಪಡುವುದೂ ಬೇಟೆ. ಗುರಿ ತಪ್ಪಿದವನಿಗೂ ಅದರಲ್ಲಿ ರಿಯಾಯಿತಿ ಇಲ್ಲ.

ಹಾಗೆಂದು ಒಕ್ಕಲಿಗನ ದೂರು ಸುಳ್ಳೆನ್ನಲಾಗದು. ಮೊಲ ಕಡಲೆಯ ಎಳೆಕುಡಿಯನ್ನು ಕತ್ತರಿಸುತ್ತದೆ. ಪಾರಿವಾಳ ಬಿತ್ತಿದ ಕಾಳನ್ನು ಹೆಕ್ಕುತ್ತದೆ. ಆದರೆ ಬೀದರ್ ಜಿಲ್ಲೆಯ ರೈತನನ್ನು ನಿದ್ದೆಗೆಡಿಸುವ ಪ್ರಾಣಿಗಳು ಕಾಡುಹಂದಿ ಮತ್ತು ಕೃಷ್ಣಮೃಗದ ಹಿಂಡುಗಳು. ಅವುಗಳ ಮುಂದೆ ಗಾಳಿಕೋವಿ ನಿಜಕ್ಕೂ ಆಟಿಕೆಯೇ. ಅದಕ್ಕೆ ಬೇಲಿ, ರಾತ್ರಿಯ ಕಾವಲು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಮುಂತಾದ ಬೇರೆ ದಾರಿಗಳಿವೆ. ರಜೆಗೆ ಬಂದ ಹುಡುಗರು ಸಂಜೆ ಹೊಡೆದ ಎರಡು ಹಕ್ಕಿಗಳಿಂದ ಯಾವ ಹೊಲದ ಫಸಲೂ ಹೆಚ್ಚಿದ್ದಿಲ್ಲ.

ಅರುಣಾಚಲ ಪ್ರದೇಶದಲ್ಲಿ ಬೇಟೆಯೆಂಬುದು ರಜೆಯ ವಿನೋದವಲ್ಲ, ತಲೆಮಾರುಗಳ ಬಾಳ್ವೆಯ ಕ್ರಮ. ಅಲ್ಲಿ 2021ರ ಮಾರ್ಚಿನಲ್ಲಿ ಗಾಳಿಕೋವಿಗಳನ್ನು ತಾವಾಗಿಯೇ ಒಪ್ಪಿಸುವ ಆಂದೋಲನವೊಂದು ಆರಂಭವಾಯಿತು. ಸಾವಿರಕ್ಕೂ ಹೆಚ್ಚು ಕೋವಿಗಳು ಬಂದು ಬಿದ್ದುವು. ಕಾಡು ಮೌನವಾಗುತ್ತಿರುವುದನ್ನು ಆ ಜನ ಕಿವಿಯಿಂದಲೇ ಅರಿತಿದ್ದರು.

ಕೋವಿಯನ್ನು ಕೊಂಡಾಗಿದ್ದರೆ ಅದಕ್ಕೂ ಒಂದು ಸದುಪಯೋಗವಿದೆ. ಬೀದರಿಗೆ ನೆರೆಯದಾದ ಹೈದರಾಬಾದಿನಲ್ಲಿ ಬೆಳೆದ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನೂ, ಅವರಿಗಿಂತ ಮೊದಲು ಅಭಿನವ್ ಬಿಂದ್ರಾ 2008ರ ಬೀಜಿಂಗಿನಲ್ಲಿ ಚಿನ್ನವನ್ನೂ ಗೆದ್ದದ್ದು ಇದೇ 4.5 ಮಿಲಿಮೀಟರಿನ ಗಾಳಿಕೋವಿಯಿಂದ. ಅವರ ಗುರಿ 10 ಮೀಟರ್ ದೂರದ ಹಾಳೆ; ನಡುವಣ ಚುಕ್ಕೆ ಅರ್ಧ ಮಿಲಿಮೀಟರಿನದು, ಸಾಸಿವೆ ಕಾಳಿಗಿಂತ ಚಿಕ್ಕದು. ಆ ಚುಕ್ಕೆಗೆ ತಾಗಿಸುವಷ್ಟು ಕೈಹಿಡಿತ ಬಂದವನಿಗೆ ಮೊಲದ ಮೇಲೆ ತನ್ನ ಜಾಣ್ಮೆಯನ್ನು ತೋರಿಸುವ ಅಗತ್ಯ ಬೀಳುವುದಿಲ್ಲ. ಅಷ್ಟು ಹಿಡಿತ ಬಾರದವನಿಗೆ ಮೊಲದ ಮೇಲೆ ಗುರಿಯಿಡುವ ಹಕ್ಕಿಲ್ಲ. ಹಾಳೆಯ ಮೇಲೆ ಗುರಿ ತಪ್ಪಿದರೆ ಹೋಗುವುದು ಒಂದು ಅಂಕ ಮಾತ್ರ. ಅದನ್ನು ಹುಡುಕುತ್ತ ಬೆಳದಿಂಗಳಲ್ಲಿ ಯಾರೂ ಜೋಳದ ಹೊಲವನ್ನು ಹೊಗಬೇಕಾಗಿಲ್ಲ.